ಪರರ ನೆಲದಲ್ಲಿ ಕಟ್ಟಿದ ಮನೆ

ದೇವನಹಳ್ಳಿಯ ಸೀಮೆಯಲ್ಲಿ ಒಂದು ಹೊಲವಿದೆಯೆಂದು ಭಾವಿಸಿಕೊಳ್ಳಬಹುದು. ಅಂತಹ ಹೊಲಗಳು ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಕಡೆಯೂ ಇಲ್ಲದೆ ಇಲ್ಲ. ಹೊಲದ ಮೂಲೆಯಲ್ಲಿ, ಹುಣಿಸೆಯ ಮರದ ಮಗ್ಗುಲಿಗೆ, ಒಂದು ಮನೆ. ಮೂರು ತಲೆಗಳ ಹಿಂದೆ ಹೊಲದ ಒಡೆಯನು ತನ್ನ ಆಳಿಗೆ ಅಲ್ಲಿ ಗುಡಿಸಲು ಹಾಕಿಕೊಳ್ಳಲು ಬಾಯಿಮಾತಿನ ಅಪ್ಪಣೆಯನ್ನು ಕೊಟ್ಟಿದ್ದನು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಇಷ್ಟು ದಿನದ ಬಿಟ್ಟಿ ದುಡಿಮೆ. ಕಾಲಕ್ರಮದಲ್ಲಿ ಬಿಟ್ಟಿಯು ಹೋಗಿ ಇಷ್ಟು ರೂಪಾಯಿಯ ನೆಲಬಾಡಿಗೆ. ಹುಲ್ಲಿನ ಮಾಡು ಹೋಗಿ ನಾಡಹೆಂಚು ಬಂತು. ಹೆಂಚು ಹೋಗಿ, ಮಗನು ಗಾರೆಯ ಕೆಲಸದಲ್ಲಿ ಸಂಪಾದಿಸಿದ ಹಣದಿಂದ ತಾರಸಿ ಬಂತು. 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಆ ಪ್ರಾಂತದ ನೆಲದ ಬೆಲೆಯು ಏರಿದ ಪರಿಯನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ನೆಲಸಿರುವ ಒಡೆಯನ ಮೊಮ್ಮಗನು ಹೊಲವನ್ನು ಮಾರಲು ನಿಶ್ಚಯಿಸಿ ಒಂದು ದಿನ ಬರುತ್ತಾನೆ.

“ತಾತ, ಗೋಡೆ ನಿಮ್ಮದೇ, ಇಲ್ಲವೆಂದವರು ಯಾರು? ಆದರೆ ನೆಲ ನಮ್ಮದಲ್ಲವೆ? ನಿಮ್ಮ ಗೋಡೆಯನ್ನು ನೀವು ತೆಗೆದುಕೊಂಡು ಹೋಗಿ.”

“ನಿಮ್ಮ ತಾತನೋರು ಇಲ್ಲಿ ಕಾಲೂರು ಅಂದ್ರು, ಬುದ್ಧಿ. ಗೋಡೆ ಎತ್ಕೊಂಡು ಎಲ್ಲಿಗೆ ಹೋಗ್ಲಿ?”

ಇಬ್ಬರೂ ಸುಳ್ಳಾಡಿದವರಲ್ಲ. ನೆಲದ ಪಹಣಿಯಲ್ಲಿ ಒಬ್ಬನ ಹೆಸರು; ಗೋಡೆಯ ಒಂದೊಂದು ಇಟ್ಟಿಗೆಯಲ್ಲಿ ಇನ್ನೊಬ್ಬನ ದುಡಿಮೆ. ಎರಡು ಸತ್ಯಗಳು ಒಂದೇ ಜಾಗದಲ್ಲಿ ನಿಂತು ಒಂದನ್ನೊಂದು ನೂಕುತ್ತಿರುವಾಗ ಧರ್ಮವು ಯಾವ ಪಕ್ಷವನ್ನು ಹಿಡಿಯತಕ್ಕದ್ದು? (ಪಟ್ಟಣಗಳಲ್ಲಿ ಜನರು ‘ಲೀಸು’ ಎಂದು ಕರೆಯುವ ಪದ್ಧತಿಯು ಇದಲ್ಲ. ಇಡುಗಂಟನ್ನು ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವುದು ಭೋಗ್ಯ. ಅಲ್ಲಿ ಮನೆಯೂ ನೆಲವೂ ಒಬ್ಬನವೇ. ಇಲ್ಲಿಯ ತೊಡಕೆಂದರೆ ಮನೆ ಒಬ್ಬನದು, ನೆಲ ಮತ್ತೊಬ್ಬನದು ಎಂಬುದೇ.)

ಈ ಪ್ರಶ್ನೆಯು ಹೊಸತೇನೂ ಅಲ್ಲ. ನಾರದಸ್ಮೃತಿಯು ಇದನ್ನು ಎತ್ತಿ ತೀರ್ಮಾನವನ್ನೂ ಹೇಳಿದೆ. ಪರರ ನೆಲದಲ್ಲಿ ಮನೆಯನ್ನು ಕಟ್ಟಿ, ನೆಲಕ್ಕೆ ಬಾಡಿಗೆಯನ್ನು ತೆರುತ್ತ ವಾಸಿಸಿದವನು ಬಿಟ್ಟು ಹೋಗುವಾಗ ತನ್ನ ಹುಲ್ಲು, ಮರ, ಇಟ್ಟಿಗೆ ಮೊದಲಾದುವನ್ನು ಕೊಂಡೊಯ್ಯಬಹುದು. ಬಾಡಿಗೆಯನ್ನು ತೆರದೆ ಇದ್ದವನು ಅವನ್ನು ಅಲ್ಲಿಯೇ ಬಿಟ್ಟು ಹೊರಡತಕ್ಕದ್ದು. ಈ ನಾಡಿನಲ್ಲಿ ಇಂದಿಗೂ ನಡೆಯುತ್ತಿರುವ 1882ರ ಸ್ವತ್ತು ವರ್ಗಾವಣೆಯ ಕಾಯಿದೆಯೂ ಹೆಚ್ಚು ಕಡಮೆ ಇದನ್ನೇ ಹೇಳುತ್ತದೆ: ಗುತ್ತಿಗೆದಾರನು ನೆಲಕ್ಕೆ ತಾನು ಕೂಡಿಸಿದ್ದನ್ನು ಕಿತ್ತುಕೊಂಡು ಹೋಗಬಹುದು, ನೆಲವನ್ನು ಮಾತ್ರ ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಸ್ಮೃತಿಕಾರನೂ ಆಂಗ್ಲ ಶಾಸನಕಾರನೂ ಹೀಗೆ ಒಂದೇ ಮಾತಿಗೆ ಬಂದು ನಿಲ್ಲುವುದು ಅಪರೂಪ. ಮೊಮ್ಮಗನು ಆಡಿದ ಮಾತು ಕಠೋರವಾಗಿ ಕೇಳಿಸಿದರೂ ಅದರ ಹಿಂದೆ ಇಂತಹ ಎರಡು ಪ್ರಮಾಣಗಳುಂಟು.

ಆದರೆ ನಾರದನು ಯಾವ ಮನೆಯನ್ನು ಕಣ್ಣಮುಂದಿಟ್ಟುಕೊಂಡು ಹೇಳಿದನೆಂಬುದನ್ನು ವಿಚಾರಿಸಬೇಡವೆ? ಹುಲ್ಲು, ಮರ, ಇಟ್ಟಿಗೆ ಎಂದು ಆತನೇ ಪದಾರ್ಥಗಳನ್ನು ಎಣಿಸಿದ್ದಾನೆ. ಮಣ್ಣಿನಲ್ಲಿ ಕೂರಿಸಿದ ಇಟ್ಟಿಗೆಯು ಬಿಡಿಸಿದರೆ ಬರುತ್ತದೆ; ತೊಲೆ, ಕಂಬ, ಬಾಗಿಲವಾಡಗಳನ್ನು ಗಾಡಿಯ ಮೇಲೆ ಹೇರಬಹುದು. ಹಳ್ಳಿಗಳಲ್ಲಿ ಹಳೆಯ ಮನೆಯ ಕಂಬಗಳು ಹೊಸಮನೆಯ ಜಗಲಿಯಲ್ಲಿ ನಿಂತಿರುವುದನ್ನು ನೋಡದವರಾರು? ಅಂತಹ ಕಾಲದಲ್ಲಿ “ನಿನ್ನ ಮನೆಯನ್ನು ಕೊಂಡು ಹೋಗು” ಎಂಬುದು ನಿಜವಾಗಿಯೂ ಮನೆಯನ್ನು ಕೊಡುವ ಮಾತಾಗಿತ್ತು. ಇಂದು ಕಬ್ಬಿಣವನ್ನು ಹೆಣೆದು ಸಿಮೆಂಟನ್ನು ಸುರಿದ ತಾರಸಿಯನ್ನು ಒಡೆದರೆ ದೊರೆಯುವುದು ಜಲ್ಲಿಯ ರಾಶಿ, ತುಕ್ಕು ಹಿಡಿದ ನಾಲ್ಕು ಸರಳು. ಅದೇ ಮಾತು ಇಂದು “ನಿನ್ನ ಮನೆಯನ್ನು ಬಿಟ್ಟು ಹೋಗು” ಎಂಬ ಅರ್ಥವನ್ನು ಕೊಡುತ್ತದೆ. ವಿಧಿಯ ಅಕ್ಷರಗಳು ಹಾಗೆಯೇ ಉಳಿದು ಅದರ ನ್ಯಾಯವು ಜಾರಿಹೋಗಿದೆ. ನೆಲವನ್ನೂ ಮನೆಯನ್ನೂ ಬೇರ್ಪಡಿಸಲು ಸಾಧ್ಯವಿರುವ ತನಕ ಇಬ್ಬರು ಒಡೆಯರಿದ್ದರೂ ಬಾಧಕವಿರಲಿಲ್ಲ. ಬೇರ್ಪಡಿಸಲಾಗದ ಮೇಲೆ ಯಾರಾದರೊಬ್ಬರು ಮತ್ತೊಬ್ಬರ ಪಾಲನ್ನು ಕೊಳ್ಳಲೇಬೇಕು. ಯಾರು ಕೊಳ್ಳತಕ್ಕವರು ಎಂಬುದಷ್ಟೇ ಉಳಿದ ಪ್ರಶ್ನೆ.

ವಾಸಿಸುತ್ತಿರುವವನೇ ಎಂದು ಆತುರದಿಂದ ಹೇಳಿಬಿಡುವುದು ಸುಲಭ. ಆದರೆ ನಮ್ಮ ವ್ಯವಹಾರಶಾಸ್ತ್ರವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಯಾಜ್ಞವಲ್ಕ್ಯನು ಆಗಮ, ಭುಕ್ತಿ ಎಂದು ಎರಡನ್ನು ಹೇಳುತ್ತಾನೆ. ಆಗಮವೆಂದರೆ ಸ್ವತ್ತು ಬಂದ ನ್ಯಾಯವಾದ ದಾರಿ, ಭುಕ್ತಿಯೆಂದರೆ ಅನುಭವ. ತಲೆತಲಾಂತರದಿಂದ ಬಂದ ಅನುಭವವೊಂದನ್ನು ಬಿಟ್ಟರೆ ಆಗಮವೇ ಹೆಚ್ಚಿನದೆಂದೂ, ಆದರೆ ಎಳ್ಳಷ್ಟೂ ಭುಕ್ತಿಯಿಲ್ಲದ ಆಗಮಕ್ಕೆ ಬಲವಿಲ್ಲವೆಂದೂ ಆತನ ಮತ. ಒಡೆಯನ ಕಣ್ಣೆದುರಿಗೇ ಪರನು ಇಪ್ಪತ್ತು ವರ್ಷ ಭೂಮಿಯನ್ನು ಅನುಭವಿಸಿದರೆ ಹಾನಿಯುಂಟೆಂಬ ವಚನಕ್ಕೂ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ, ಆ ಹಾನಿಯು ಅಷ್ಟು ವರ್ಷಗಳ ಫಲಕ್ಕೇ ಹೊರತು ಭೂಮಿಗಲ್ಲವೆಂದು ಅರ್ಥವನ್ನು ಹೇಳುತ್ತಾನೆ. ಇದ್ದವನದೇ ನೆಲ ಎಂದುಬಿಟ್ಟರೆ ನಾಳೆ ಯಾರೂ ಯಾರಿಗೂ ನಿಲ್ಲಲು ಜಾಗವನ್ನು ಕೊಡರು. ಅಂದಿನ ಒಡೆಯನು ಕನಿಕರದಿಂದ ಕೊಟ್ಟ ಅಪ್ಪಣೆಯೇ ಅವನ ಮೊಮ್ಮಗನಿಗೆ ಮುಳುವಾಗಬೇಕೆ? ಈ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ.

ಹೀಗಿದ್ದರೂ ಆಳಿನ ಕೈಯಲ್ಲಿರುವುದು ಬರಿಯ ಭುಕ್ತಿಯಲ್ಲವೆಂಬುದನ್ನು ಗಮನಿಸಬೇಕು. ಒಪ್ಪಿಗೆಯನ್ನು ಪಡೆದು, ಸ್ವಂತ ದ್ರವ್ಯದಿಂದ ಕಟ್ಟಿದ್ದೇ ಮನೆಯ ಮಟ್ಟಿಗೆ ಆತನ ಆಗಮ. ಇತ್ತ ಒಡೆಯನಿಗೆ ನೆಲದ ಆಗಮವುಂಟು. ಭುಕ್ತಿಯು ನೆಲಬಾಡಿಗೆಯ ರೂಪದಲ್ಲಿ ಮಾತ್ರ ಉಂಟು. ಬಾಡಿಗೆಯೂ ಭುಕ್ತಿಯೇ ಹೌದು. ಆದರೆ ಬಾಡಿಗೆಯು ಹಣ. ಹಣದ ಹಾನಿಯನ್ನು ಹಣದಿಂದ ಪೂರ್ತಿಯಾಗಿ ತುಂಬಿಕೊಡಬಹುದು. ಹೆರಿಗೆಯೂ ಸಾವೂ ಆದ ಕೋಣೆ, ನೆರೆಹೊರೆ, ಮಕ್ಕಳು ನಡೆದು ಹೋಗುವ ಪಾಠಶಾಲೆ, ದಿನಗೂಲಿಯ ಕೆಲಸ, ಇವೆಲ್ಲ ಆ ಜಾಗಕ್ಕೆ ಕಟ್ಟುಬಿದ್ದಿರುವಾಗ ಅವನ್ನು ಯಾವ ಮೊತ್ತದಿಂದ ತುಂಬುವುದು? ಒಬ್ಬನ ನಷ್ಟವು ತುಂಬತಕ್ಕದ್ದು, ಇನ್ನೊಬ್ಬನ ನಷ್ಟವು ತುಂಬಲಾಗದ್ದು. ಆದ್ದರಿಂದ ಕೊಳ್ಳತಕ್ಕವನು ವಾಸಿಸುವವನು. ಆದರೆ ಕೊಳ್ಳತಕ್ಕವನು, ಕಸಿದುಕೊಳ್ಳತಕ್ಕವನಲ್ಲ.

ಇಂಗ್ಲೆಂಡಿನವರು ಇದೇ ಕವಲುದಾರಿಗೆ ಬಂದು ನಿಂತದ್ದುಂಟು. ಅಲ್ಲಿ ಜಮೀನ್ದಾರರು ನೆಲವನ್ನು 99 ವರ್ಷಗಳ ಗುತ್ತಿಗೆಗೆ ಕೊಡುತ್ತಿದ್ದರು. ಜನರು ಅದರ ಮೇಲೆ ಮನೆಯನ್ನು ಕಟ್ಟುತ್ತಿದ್ದರು. ಅವಧಿಯು ಮುಗಿದೊಡನೆ ಮನೆಯೂ ಜಮೀನ್ದಾರನದಾಗುತ್ತಿತ್ತು. ಸಾಲದೆಂಬಂತೆ, ಒಪ್ಪಿಸುವ ಮನೆಯು ಸುಸ್ಥಿತಿಯಲ್ಲಿರಬೇಕೆಂಬ ಕರಾರು ಬೇರೆ. ವೇಲ್ಸಿನ ಗಣಿಪ್ರದೇಶಗಳಲ್ಲಿ ಹಿಂದಿನ ಶತಮಾನದ ಗುತ್ತಿಗೆಗಳು ತೀರತೊಡಗಿದಾಗ ಕಾರ್ಮಿಕ ಕುಟುಂಬಗಳ ಸಂಕಟವು ದೊಡ್ಡ ಕೂಗಾಯಿತು. 1966ರಲ್ಲಿ ಅಲ್ಲಿಯ ಸರ್ಕಾರವು ಪ್ರಕಟಿಸಿದ ಹೇಳಿಕೆಯಲ್ಲಿ, ನ್ಯಾಯದೃಷ್ಟಿಯಿಂದ ನೆಲವು ಜಮೀನ್ದಾರನದು, ಮನೆಯು ವಾಸಿಸುವ ಗುತ್ತಿಗೆದಾರನದು ಎಂಬ ತತ್ತ್ವವನ್ನು ಮುಂದಿಟ್ಟಿತು. 1967ರ ಕಾಯಿದೆಯು ಅಂತಹ ಮನೆಗಳವರಿಗೆ ಕ್ರಯವನ್ನು ಕೊಟ್ಟು ನೆಲವನ್ನು ಕೊಳ್ಳುವ ಹಕ್ಕನ್ನು ಕೊಟ್ಟಿತು. ಸಾಧಾರಣ ಬೆಲೆಯ ಮನೆಗಳಲ್ಲಿ ಕ್ರಯವನ್ನು ಕಟ್ಟುವಾಗ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲವೆಂದೂ ಅದು ವಿಧಿಸಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕನ ಎಸ್ಟೇಟಿನ ಧರ್ಮದರ್ಶಿಗಳು, ಇದು ಒಬ್ಬ ಖಾಸಗಿಯವನಿಂದ ಕಿತ್ತು ಇನ್ನೊಬ್ಬ ಖಾಸಗಿಯವನಿಗೆ ಕೊಡುವ ಕ್ರಮವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 1986ರಲ್ಲಿ ನ್ಯಾಯಾಲಯವು ಅವರ ವಾದವನ್ನು ಮನ್ನಿಸಲಿಲ್ಲ. ಸಾಮಾಜಿಕ ಅನ್ಯಾಯವೊಂದನ್ನು ನೀಗುವುದು ಸಾರ್ವಜನಿಕ ಹಿತವೇ ಎಂದಿತು. ಆದರೂ ತೊಡಕು ಪೂರ್ತಿಯಾಗಿ ತೀರಲಿಲ್ಲ. 2024ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಿ, ಗುತ್ತಿಗೆಯನ್ನು 990 ವರ್ಷಗಳವರೆಗೆ ಬೆಳೆಸಿಕೊಳ್ಳುವ ಹಕ್ಕನ್ನು ಅದರಲ್ಲಿ ಸೇರಿಸಬೇಕಾಯಿತು. ಒಂಬೈನೂರತೊಂಬತ್ತು ವರ್ಷದ ಗುತ್ತಿಗೆ! ಒಡೆತನವೆಂಬ ಮಾತನ್ನು ಬಾಯಿಬಿಟ್ಟು ಹೇಳಲು ಇಷ್ಟೊಂದು ಸಂಕೋಚವೇತಕ್ಕೋ.

ಮೈಸೂರು ಸೀಮೆಯಲ್ಲಿ ಅಷ್ಟು ಸಂಕೋಚಪಡಲಿಲ್ಲ. 1954ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳೂ 1955ರದರಿಂದ ಧಾರ್ಮಿಕ ಇನಾಮುಗಳೂ ರದ್ದಾದಾಗ, ಇನಾಮು ಗ್ರಾಮದಲ್ಲಿ ಜನರು ಕಟ್ಟಿಕೊಂಡಿದ್ದ ಕಟ್ಟಡಗಳು ಅವರವರಿಗೇ ನಿಂತುವು. 1961ರ ಭೂಸುಧಾರಣೆಯ ಕಾಯಿದೆಯು 38ನೆಯ ಪ್ರಕರಣದಲ್ಲಿ, ಪರರ ಜಮೀನಿನಲ್ಲಿ ವಾಸಿಸುವ ಕೃಷಿ ಕೂಲಿಗಾರನ ಮನೆಯ ವಿಷಯವನ್ನೇ ಎತ್ತಿಕೊಂಡು, ಆ ಮನೆಗೂ ಅದರ ನಿವೇಶನಕ್ಕೂ ಅವನನ್ನೇ ಒಡೆಯನನ್ನಾಗಿ ನೋಂದಾಯಿಸಲು ದಾರಿ ಮಾಡಿತು. ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಗಳಾಗಿದ್ದಾಗ, 2016ರಲ್ಲಿ ವಿಧಾನಮಂಡಲವು ಒಪ್ಪಿದ ತಿದ್ದುಪಡಿಯಿಂದ ಅದಕ್ಕೆ 38ಎ ಸೇರಿತು. ತಾಂಡ, ಗೊಲ್ಲರಹಟ್ಟಿ ಮುಂತಾದ, ದಾಖಲೆಯಲ್ಲಿ ಊರೆಂದೇ ಕಾಣದ ವಸತಿಗಳವರಿಗಾಗಿ ಅದು ಬಂದದ್ದು. ಗೇಣಿಯ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷವಿದ್ದಂತೆ ಈಗ ‘ವಾಸಿಸುವವನೇ ನೆಲದೊಡೆಯ’ ಎಂಬುದು ಕೇಳಿಬಂತು. ಮೇಲೆ ಹೇಳಿದ ಹುಣಿಸೆಯ ಮರದ ಮಗ್ಗುಲಿನ ಮನೆಗೂ ಈ ವಿಧಿಗಳಲ್ಲಿ ಯಾವುದಾದರೊಂದು ಅನ್ವಯಿಸಬಹುದು, ಅರ್ಜಿಯು ಕಾಲಕ್ಕೆ ಸರಿಯಾಗಿ ಹೋಗಿದ್ದರೆ, ಗೇಣಿಯಿಲ್ಲದ ಬಾಯಿಮಾತಿಗೆ ಸಾಕ್ಷಿಯು ದೊರೆತರೆ.

ಆದರೆ ಇಲ್ಲೊಂದು ಲೋಪವನ್ನು ಮುಚ್ಚಿಡಲಾಗದು. ನೆಲದೊಡೆಯನೆಂದರೆ ಸದಾ ಧನಿಕನೇ ಆಗಿರಬೇಕಾಗಿಲ್ಲ. ಎರಡು ಗುಂಟೆಯ ನೆಲಬಾಡಿಗೆಯಲ್ಲಿ ಔಷಧಿಯನ್ನು ಕೊಳ್ಳುವ ವಿಧವೆಯೂ ಇರಬಹುದು. ದೀಪದ ಎಣ್ಣೆಗೆ ಮಾತ್ರ ಸಾಲುವ ಮಾನ್ಯವಿದ್ದ ಹಳ್ಳಿಯ ದೇವಸ್ಥಾನವೂ ಇರಬಹುದು. ಇನಾಮನ್ನು ಕಳೆದುಕೊಂಡ ದೇವಾಲಯಗಳಿಗೆ ಸರ್ಕಾರವು ತಸ್ತೀಕೆಂದು ವರ್ಷಕ್ಕೆ ಇಂತಿಷ್ಟೆಂದು ಗೊತ್ತುಮಾಡಿತು. ನೆಲದ ಬೆಲೆಯು ನೂರ್ಮಡಿಯಾಗುತ್ತ ಹೋಯಿತು. ತಸ್ತೀಕು ಕುಂಟುತ್ತ ಹಿಂದೆ ಬಂತು. 2022ರ ಆಯವ್ಯಯದಲ್ಲಿ ಅದನ್ನು ವರ್ಷಕ್ಕೆ 48,000 ರೂಪಾಯಿಯಿಂದ 60,000ಕ್ಕೆ ಏರಿಸಿದರು. ತಿಂಗಳಿಗೆ ಹಂಚಿದರೆ ಐದು ಸಾವಿರ. ಅದರಲ್ಲಿ ಪೂಜೆಯೂ ನಡೆಯಬೇಕಾಗಿತ್ತು. ಪರಿಹಾರವನ್ನು ಒಮ್ಮೆ ನಿಗದಿಮಾಡಿ ಮರೆತುಬಿಟ್ಟರೆ ಕೊಳ್ಳುವಿಕೆಯು ಕಸಿಯುವಿಕೆಯಾಗಿ ಮಾರ್ಪಡುವುದಕ್ಕೆ ಒಂದು ತಲೆಮಾರು ಸಾಕು.

ಹಾಗಾದರೆ ಕ್ರಯವೆಷ್ಟು? ವಿಮಾನ ನಿಲ್ದಾಣದ ಬೆಲೆಯನ್ನು ಗಾರೆಯವನು ಕೊಡಲಾರ. ರಾಗಿಯ ಹೊಲದ ಬೆಲೆಯನ್ನು ಒಡೆಯನು ಒಪ್ಪಲಾರ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಇದಕ್ಕೊಂದು ಬೆಳಕಿದೆ. ಸರ್ವಸ್ವವನ್ನೂ ದಾನಮಾಡುವ ವಿಶ್ವಜಿತ್ ಯಾಗದಲ್ಲಿ ಭೂಮಿಯನ್ನೂ ಕೊಡಬೇಕೆ ಎಂಬ ಸಂದೇಹಕ್ಕೆ, ಭೂಮಿಯು ಎಲ್ಲರಿಗೂ ಸಮಾನವಾದದ್ದು, ಆದ್ದರಿಂದ ಕೊಡತಕ್ಕದ್ದಲ್ಲವೆಂದು ಸಿದ್ಧಾಂತ. ಶಬರಸ್ವಾಮಿಯು, ಮನುಷ್ಯರಿಗೆ ಕ್ಷೇತ್ರದ ಒಡೆತನವು ಕಾಣುತ್ತದೆ, ಭೂಮಂಡಲದ್ದು ಕಾಣುವುದಿಲ್ಲವೆಂದು ಬಿಡಿಸಿ ಹೇಳುತ್ತಾನೆ. ಉತ್ತು ಬಿತ್ತಿ ಕ್ಷೇತ್ರವನ್ನಾಗಿ ಮಾಡಿದ್ದು ಒಬ್ಬನ ಕೆಲಸ, ಗೋಡೆಯೆತ್ತಿ ಮನೆಯನ್ನಾಗಿ ಮಾಡಿದ್ದು ಇನ್ನೊಬ್ಬನ ಕೆಲಸ. ವಿಮಾನ ನಿಲ್ದಾಣವನ್ನು ಇಬ್ಬರೂ ಕಟ್ಟಲಿಲ್ಲ. ಅದರಿಂದ ಬಂದ ಏರಿಕೆಯನ್ನು ಒಡೆಯನು ಆಳಿನಿಂದ ವಸೂಲುಮಾಡುವುದು ಹೇಗೆ ಸರಿಯಲ್ಲವೋ, ಆಳು ಕ್ಷೇತ್ರದ ಬೆಲೆಗೆ ಕೊಂಡು ಮರುವರ್ಷವೇ ಏರಿದ ಬೆಲೆಗೆ ಮಾರಿಕೊಳ್ಳುವುದೂ ಹಾಗೆಯೇ ಸರಿಯಲ್ಲ.

ಇಲ್ಲಿಯೇ ಗುತ್ತಿಗೆಗೆ ಒಂದು ನ್ಯಾಯವಾದ ಸ್ಥಾನವು ದೊರೆಯುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ನಿಯಮಗಳು, ನಿವೇಶನಕ್ಕೆ ಪೂರ್ತಿ ಬೆಲೆಯನ್ನು ಕಟ್ಟಿದವನನ್ನೂ ಹತ್ತು ವರ್ಷ ಗುತ್ತಿಗೆದಾರನನ್ನಾಗಿ ಇರಿಸಿ, ಮನೆಯನ್ನು ಕಟ್ಟಿ ವಾಸಿಸಿದ ಮೇಲೆ ಕ್ರಯಪತ್ರವನ್ನು ಕೊಡುವ ಏರ್ಪಾಡನ್ನು ಮಾಡಿದುವು. ಹೊರನೋಟಕ್ಕೆ ಇದು ಅನ್ಯಾಯವೆನಿಸುತ್ತದೆ. ಆದರೆ ವೇಲ್ಸಿನ ಜಮೀನ್ದಾರನ ಗುತ್ತಿಗೆಯು ಹಸುವನ್ನು ಕರೆಯುವುದಕ್ಕಾಗಿ. ಇದು ವ್ರತದಂತೆ, ವಾಸಕ್ಕೆಂದು ಕೊಂಡದ್ದನ್ನು ವ್ಯಾಪಾರಕ್ಕೆ ಇಳಿಸದಿರಲೆಂದು. ವ್ರತಕ್ಕೆ ಉದ್ಯಾಪನೆಯ ದಿನವು ಗೊತ್ತಿರಬೇಕಷ್ಟೆ. ಅವಧಿಯು ಕಳೆದರೂ ಕ್ರಯಪತ್ರಕ್ಕಾಗಿ ಕಚೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ವೃದ್ಧರ ಮಾತನ್ನು ಕೇಳದವರಿಲ್ಲ. ಆ ಮಟ್ಟಿಗೆ ವ್ರತವು ದಂಡವಾಗುತ್ತದೆ.

ಹುಣಿಸೆಯ ಮರದ ಮನೆಗೂ ಇದನ್ನೇ ಅನ್ವಯಿಸಬಹುದು. ಹೊಲದ ಬೆಲೆಯನ್ನು, ಮನೆಯನ್ನು ಲೆಕ್ಕಕ್ಕೆ ಹಿಡಿಯದೆ, ಕಂತಿನಲ್ಲಿ ಆಳಿನ ಮನೆಯವರು ಕೊಡಲಿ. ಕಂತು ತಪ್ಪಿದರೆ ಸರ್ಕಾರವು ತುಂಬಲಿ. ಹತ್ತು ವರ್ಷ ಮಾರದಿರಲಿ. ಹತ್ತು ವರ್ಷಗಳಾದ ಮೇಲೆ ಮುದುಕನ ಮಗನೋ ಮೊಮ್ಮಗನೋ ಅದನ್ನು ಮಾರಿ ಪಟ್ಟಣಕ್ಕೆ ಹೊರಟುಹೋದರೆ, “ಇದಕ್ಕಾಗಿಯೇ ಇಷ್ಟು ರಂಪವೆ?” ಎಂದು ಊರಿನವರು ಕೇಳದೆ ಇರಲಾರರು. ಆದರೆ ಒಡೆಯನ ಮೊಮ್ಮಗನು ಹೊಲವನ್ನು ಮಾರಲು ಬಂದಾಗ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.