ಗೆದ್ದ ಕಂಠ ಮತ್ತು ಅಂಕಿತದ ತತ್ತ್ವ

ಎಸ್. ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’, ಜೀ ಕನ್ನಡದ ‘ಸರಿಗಮಪ’ ಮೊದಲಾದ ಕಿರುತೆರೆಯ ಸ್ಪರ್ಧೆಗಳು ನಾಡಿನ ಮೂಲೆಮೂಲೆಯ ಕಂಠಗಳನ್ನು ಮನೆಮನೆಗೆ ತಲುಪಿಸಿವೆ. ಹಾವೇರಿ ಜಿಲ್ಲೆಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ ‘ಸರಿಗಮಪ’ದಿಂದಲೇ ಹೆಸರಾದ ಗಾಯಕ. ಇಂಥ ವೇದಿಕೆಯಿಂದ ಬಂದವರು ತಮ್ಮ ಹೆಸರಿನಲ್ಲಿ ಮೊದಲ ಆಲ್ಬಮ್ಮನ್ನು, ಅಂದರೆ ಗೀತಗುಚ್ಛವನ್ನು, ಹೊರತರುವಾಗ ಹಾಡು ನಿಜಕ್ಕೂ ಯಾರದು ಎಂಬ ತಾತ್ತ್ವಿಕ ಪ್ರಶ್ನೆ ಏಳುತ್ತದೆ.

ಇದಕ್ಕೆ ವಚನ, ಕೀರ್ತನೆಗಳ ಪರಂಪರೆಯಲ್ಲೇ ಒಂದು ಉತ್ತರವಿದೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂದೂ ಪುರಂದರದಾಸರ ಕೀರ್ತನೆಗಳಲ್ಲಿ ‘ಪುರಂದರವಿಠಲ’ ಎಂದೂ ಬರುವ ಅಂಕಿತವು, ಅಂದರೆ ರಚನೆಯ ಕೊನೆಯಲ್ಲಿ ಇಡುವ ಇಷ್ಟದೈವದ ನಾಮವು, ರಚಿಸಿದವರನ್ನು ಗುರುತಿಸುತ್ತಲೇ ರಚನೆಯನ್ನು ದೈವಕ್ಕೆ ಒಪ್ಪಿಸುತ್ತದೆ. ಆದುದರಿಂದ ದೋಷವಿರುವುದು ಹೆಸರಿನಲ್ಲಲ್ಲ, ‘ನನ್ನದು’ ಎಂಬ ಮಮಕಾರದಲ್ಲಿ.

ಈ ಮಮಕಾರವನ್ನು ಬೆಳೆಸುವುದು ಫಲದ ಹಂಬಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಕೋಟೆಬೆಟ್ಟದ ಮೇಲಿನ ಶಿವನ ಗುಡಿಯಲ್ಲಿ ಹಾಡುವ ಭಕ್ತರಿಗೆ ಅಂಕ ನೀಡುವ ತೀರ್ಪುಗಾರರಿಲ್ಲ. ಸ್ಪರ್ಧೆಯಲ್ಲಾದರೋ ಪ್ರತಿ ಸ್ವರಕ್ಕೂ ತೀರ್ಪು ಕಾದಿರುತ್ತದೆ. ಆದರೂ ಭಗವದ್ಗೀತೆಯ ನಿಷ್ಕಾಮಕರ್ಮ, ಎಂದರೆ ಫಲಾಪೇಕ್ಷೆಯಿಲ್ಲದೆ ಮಾಡುವ ಕಾರ್ಯ, ವೇದಿಕೆಯನ್ನು ತೊರೆಯಬೇಕೆನ್ನದೆ ಫಲದ ಹಂಬಲವನ್ನಷ್ಟೇ ತೊರೆಯಬೇಕೆನ್ನುತ್ತದೆ. ಮೊದಲ ಆಲ್ಬಮ್ಮು ಗೆಲುವಿನ ಪ್ರದರ್ಶನವಾಗದೆ, ಗುರು, ಕವಿ, ವಾದಕ ಮತ್ತು ಕೇಳುಗರ ಋಣವನ್ನು ಅರಿತು ಸಲ್ಲಿಸಿದ ಅರ್ಪಣೆಯಾದಾಗ ಅದರ ಮೇಲಿನ ಗಾಯಕರ ಹೆಸರಿಗೂ ಅಂಕಿತದ ಘನತೆ ಒದಗುತ್ತದೆ.