ನೋಡುವವನಿಲ್ಲದೆ ಜಗತ್ತು ಇದೆಯೇ?

“ಆಚಾರ್ಯರೇ, ಜಗತ್ತು ನೋಡುವವನ ಕಲ್ಪನೆಯೆಂದು ಈಗ ವಿಜ್ಞಾನವೇ ಒಪ್ಪಿದೆಯಂತೆ, ಜಗತ್ಸತ್ಯತ್ವದ ಗತಿಯೇನು?” ಎಂದು ಕಾಲೇಜು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ಪ್ರಶ್ನೆ ಉಪೇಕ್ಷಿಸತಕ್ಕದ್ದಲ್ಲ.

ಎರಡು ಸೀಳುಗಳುಳ್ಳ ತೆರೆಯತ್ತ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರೆ, ಪ್ರತಿಯೊಂದೂ ಆಚೆಯ ಫಲಕದಲ್ಲಿ ಒಂದು ಚುಕ್ಕೆಯಾಗಿ ಬೀಳುತ್ತದೆ. ಸಹಸ್ರಾರು ಚುಕ್ಕೆಗಳು ಕೂಡಿದಾಗ ಮಾತ್ರ ಅಲೆಗಳಿಗೆ ಸಲ್ಲುವ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಹೋಯಿತೆಂದು ಅಳೆದರೆ ಪಟ್ಟೆಗಳು ಅಳಿಯುತ್ತವೆ. ಇಷ್ಟರಲ್ಲಿ ವಿವಾದವಿಲ್ಲ, ವಿವಾದವಿರುವುದು ಇದರ ಅರ್ಥದಲ್ಲಿ.

ಡೆನ್ಮಾರ್ಕಿನ ನೀಲ್ಸ್ ಬೋರ್ ಅವರ ಪಕ್ಷದಲ್ಲಿ, ಅಳತೆಯ ಸಾಧನವನ್ನು ಬಿಟ್ಟು ಕಣದ ಮಾರ್ಗವನ್ನು ಕುರಿತು ಮಾತನಾಡುವುದೇ ಸಲ್ಲದು. 1952ರಲ್ಲಿ ಡೇವಿಡ್ ಬೋಮ್ ಅವರು, ಕಣವೂ ಉಂಟು, ಅದನ್ನು ನಡೆಸುವ ಅಲೆಯೂ ಉಂಟು, ಯಾರು ನೋಡದಿದ್ದರೂ ಕಣಕ್ಕೆ ನಿಯತ ಸ್ಥಾನವುಂಟು ಎಂದರು. 1957ರಲ್ಲಿ ಹ್ಯೂ ಎವೆರೆಟ್ ಅವರು, ಅಲೆ ಎಂದೂ ಕುಸಿಯದು ಎಂದರು. ಸಂಭವಿಸಬಹುದಾದ ಫಲಗಳೆಲ್ಲವೂ ಬೇರೆ ಬೇರೆ ಲೋಕಗಳಲ್ಲಿ ಉಂಟೆಂಬ ವಾದ ಅದರಿಂದ ಬೆಳೆಯಿತು. ಈ ಪ್ರಯೋಗದಲ್ಲಿ ಮೂರು ಪಕ್ಷಗಳೂ ಹೇಳುವ ಫಲ ಒಂದೇ. ‘ಇರುವುದು ಯಾವುದು’ ಎಂಬಲ್ಲಿ ಮಾತ್ರ ಭೇದ.

1964ರಲ್ಲಿ ಜಾನ್ ಬೆಲ್ ಅವರು ತೋರಿದ ದಾರಿಯಲ್ಲಿ ನಡೆದ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ದೂರದ ಪ್ರಭಾವವಿಲ್ಲದೆ, ಅಲ್ಲಲ್ಲೇ ಅಡಗಿದ ಕಾರಣಗಳಿಂದ ಎಲ್ಲವೂ ನಡೆಯುತ್ತದೆಂಬ ಮತಕ್ಕೆ ಅವುಗಳಿಂದ ಬಲವಾದ ಪೆಟ್ಟು ಬಿದ್ದಿತು. ಆದರೆ ಬಾಹ್ಯವಸ್ತುವೇ ಇಲ್ಲವೆಂಬುದು ಸಿದ್ಧವಾಗಲಿಲ್ಲ. ದೂರಪ್ರಭಾವವನ್ನೊಪ್ಪುವ ಬೋಮರ ಪಕ್ಷ ಇನ್ನೂ ನಿಂತಿದೆ. ‘ನೋಡುವುದು’ ಎಂದರೆ ಇಲ್ಲಿ ಸಾಧನದ ಸಂಪರ್ಕವೇ ಹೊರತು ಮನಸ್ಸಿನ ಕಲ್ಪನೆಯಲ್ಲ.

ಹಾಗೆಂದು ಬೋಮರು ನಮ್ಮ ಸಾಕ್ಷಿಯೆಂದು ನಾವು ಬೀಗುವುದೂ ಯುಕ್ತವಲ್ಲ. ನಾಳೆ ಆ ಪಕ್ಷ ಬಿದ್ದರೆ ಶಾಸ್ತ್ರವೂ ಬೀಳುವುದೇ? ನಾವು ಹಿಡಿಯಬೇಕಾದುದು ಶ್ರೀಮದಾಚಾರ್ಯರ ಪರಂಪರೆ ಕಲಿಸಿದ ಉಪಜೀವ್ಯನ್ಯಾಯವನ್ನು: ಯಾವ ಪ್ರಮಾಣವನ್ನು ಆಶ್ರಯಿಸಿ ಜ್ಞಾನ ಹುಟ್ಟಿತೋ, ಅದನ್ನೇ ಆ ಜ್ಞಾನ ಬಾಧಿಸಲಾರದು. ಫಲಕದ ಚುಕ್ಕೆ ಪ್ರತ್ಯಕ್ಷಸಿದ್ಧ. ಆ ಚುಕ್ಕೆಗಳನ್ನೆಣಿಸಿ ಕಟ್ಟಿದ ಮತವು ಚುಕ್ಕೆಗಳನ್ನೇ ಸುಳ್ಳೆಂದರೆ, ಕುಳಿತ ಕೊಂಬೆಯನ್ನೇ ಕಡಿದಂತಾಯಿತು.

ಜಗತ್ತು ಸತ್ಯ, ಆದರೆ ಪರತಂತ್ರ. ಅದು ಅಧೀನವಾಗಿರುವುದು ನಮ್ಮ ನೋಟಕ್ಕಲ್ಲ, ಶ್ರೀಹರಿಯ ಇಚ್ಛೆಗೆ. ಆ ವಿದ್ಯಾರ್ಥಿಗೆ ನಾವು ಹೇಳಿದುದಿಷ್ಟೇ: ಭೌತಶಾಸ್ತ್ರವನ್ನು ಚೆನ್ನಾಗಿ ಓದು, ಭಯಪಡಬೇಡ.

ಶ್ರೀಕೃಷ್ಣಾರ್ಪಣಮಸ್ತು.