ಒಬ್ಬರು ಸತ್ತರೆ ಎಲ್ಲರೂ ಸಾಯಬೇಕೇ

ಅಪಾಚೆ ವೆಬ್ ಸರ್ವರ್‌ಗೆ ಒಟ್ಟೊಟ್ಟಿಗೆ ಬರುವ ರಿಕ್ವೆಸ್ಟ್‌ಗಳನ್ನು ನಿಭಾಯಿಸಲು ಎರಡು ಬಗೆಯ ಏರ್ಪಾಡುಗಳಿವೆ. ಪ್ರೀಫೋರ್ಕ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೋಸೆಸ್. ವರ್ಕರ್ ಮತ್ತು ಇವೆಂಟ್‌ಗಳಲ್ಲಿ ಪ್ರೋಸೆಸ್‌ಗಳು ಕೆಲವೇ. ಒಂದೊಂದರೊಳಗೆ ಅದರ ಮೆಮೊರಿಯನ್ನು ಹಂಚಿಕೊಂಡು ಓಡುವ ಹಲವು ಥ್ರೆಡ್‌ಗಳು, ಬೇರೆ ಹೇಳದಿದ್ದರೆ 25. ಈ ಆಯ್ಕೆಯನ್ನು ಸಾಮಾನ್ಯವಾಗಿ ಮೆಮೊರಿ ಮತ್ತು ವೇಗದ ಲೆಕ್ಕದಲ್ಲೇ ಮುಗಿಸಿಬಿಡುತ್ತಾರೆ. ಆದರೆ ಅದರಡಿ ದರ್ಶನಗಳು ಬಹುಕಾಲ ವಾದಿಸಿದ ಪ್ರಶ್ನೆಯೊಂದಿದೆ: ಒಬ್ಬರಲ್ಲ, ಅನೇಕರು ಎನ್ನಲು ಪ್ರಮಾಣವೇನು?

ಈಶ್ವರಕೃಷ್ಣನ ಸಾಂಖ್ಯಕಾರಿಕೆ 18ನೆಯ ಕಾರಿಕೆಯಲ್ಲಿ ಪುರುಷಬಹುತ್ವಕ್ಕೆ, ಎಂದರೆ ಪುರುಷ ಎನ್ನುವ ಚೇತನಗಳು ಅನೇಕ ಎನ್ನುವುದಕ್ಕೆ, ಕಾರಣಗಳನ್ನು ಕೊಡುತ್ತದೆ. ಹುಟ್ಟು, ಸಾವು, ಇಂದ್ರಿಯಗಳು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಗೊತ್ತಾಗಿವೆ. ಪುರುಷ ಒಬ್ಬನೇ ಆಗಿದ್ದರೆ ಒಬ್ಬ ಸತ್ತಾಗ ಎಲ್ಲರೂ ಸಾಯಬೇಕಿತ್ತು. ಎಲ್ಲರ ಪ್ರವೃತ್ತಿ, ಎಂದರೆ ಕೆಲಸಕ್ಕೆ ತೊಡಗುವುದು, ಒಂದೇ ಹೊತ್ತಿಗೆ ಆಗುವುದೂ ಇಲ್ಲ. ಕಾರಿಕೆಯಲ್ಲಿ ಈ ಹೇತುಗಳು ಒಂದಕ್ಕೊಂದು ಬೆಂಬಲವಾಗಿ ನಿಲ್ಲುತ್ತವೆ. ಥ್ರೆಡ್‌ಗಳ ವಿಷಯದಲ್ಲಿ ಅವು ಒಡೆಯುತ್ತವೆ. ಒಂದು ಥ್ರೆಡ್ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿದ್ದಾಗ ಇನ್ನೊಂದು ಓಡುತ್ತಿರುತ್ತದೆ, ಪ್ರವೃತ್ತಿ ಬೇರೆಬೇರೆ. ಆದರೆ ಒಂದು ಥ್ರೆಡ್ ತನ್ನ ಪ್ರೋಸೆಸ್‌ಗೆ ಸೇರದ ಮೆಮೊರಿ ವಿಳಾಸಕ್ಕೆ ಕೈಹಾಕಿದರೆ ಆಪರೇಟಿಂಗ್ ಸಿಸ್ಟಮ್ ಇಡೀ ಪ್ರೋಸೆಸ್ಸನ್ನೇ ಕೊಲ್ಲುತ್ತದೆ, ಜೊತೆಗಿದ್ದ ಥ್ರೆಡ್‌ಗಳೂ ಹೋಗುತ್ತವೆ. ಪ್ರವೃತ್ತಿಯನ್ನು ನೋಡಿದರೆ ಅವು ಅನೇಕ, ಸಾವನ್ನು ನೋಡಿದರೆ ಒಂದೇ.

ಒಂದೇ ಎನ್ನುವವರಿಗೂ ಇಲ್ಲಿ ತೊಡಕಿದೆ. ಆತ್ಮ ಒಂದೇ ಆದರೆ ಒಬ್ಬನ ದುಃಖ ಎಲ್ಲರಿಗೂ ತಟ್ಟಬೇಕಲ್ಲ ಎಂಬ ಆಕ್ಷೇಪಕ್ಕೆ ಗೌಡಪಾದರು ಮಾಂಡೂಕ್ಯಕಾರಿಕೆಯ ಅದ್ವೈತ ಪ್ರಕರಣದಲ್ಲಿ ಉತ್ತರಿಸುತ್ತಾರೆ: ಒಂದು ಮಡಕೆಯೊಳಗಿನ ಆಕಾಶಕ್ಕೆ ಧೂಳು ಹೊಗೆ ತುಂಬಿದರೆ ಎಲ್ಲ ಮಡಕೆಗಳ ಆಕಾಶಕ್ಕೂ ತುಂಬುವುದಿಲ್ಲ. ಥ್ರೆಡ್‌ಗಳಿಗೆ ಈ ಸಮಾಧಾನ ಹೊಂದುವುದಿಲ್ಲ. ಆಕಾಶ ಅಸಂಗ, ಯಾವುದೂ ಅದಕ್ಕೆ ಅಂಟುವುದಿಲ್ಲ; ಮೆಮೊರಿ ಇರುವುದೇ ಬರೆಸಿಕೊಳ್ಳಲು. ಪ್ರತಿ ಥ್ರೆಡ್‌ಗೂ ತನ್ನದೇ ಸ್ಟ್ಯಾಕ್ ಇದ್ದರೂ ನಡುವೆ ಗೋಡೆಯಿಲ್ಲ. ಎರಡು ಥ್ರೆಡ್‌ಗಳು ಒಂದೇ ಎಣಿಕೆಯನ್ನು 41 ಎಂದು ಓದಿ, ತಲಾ ಒಂದು ಕೂಡಿಸಿ, ಎರಡೂ 42 ಎಂದು ಬರೆದರೆ ಒಂದರ ಕೆಲಸ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಸಾವಿಗಿಂತ ಇದು ಹೆಚ್ಚು ಅಪಾಯದ್ದು, ಏಕೆಂದರೆ ಸರ್ವರ್ ಕ್ಷೇಮವಾಗಿಯೇ ಕಾಣುತ್ತಿರುತ್ತದೆ.

ಪ್ರೋಸೆಸ್‌ಗಳ ಬೇರೆತನವಾದರೂ ಹುಟ್ಟಿನಿಂದಲೇ ಪೂರ್ತಿಯಾಗಿ ಬಂದದ್ದಲ್ಲ. ಯುನಿಕ್ಸ್ ಕುಲದ ಸಿಸ್ಟಮ್‌ಗಳಲ್ಲಿ ಫೋರ್ಕ್ ಕರೆ ಒಂದೇ ಸಲ ನಡೆದು ಎರಡು ಕಡೆ ಹಿಂದಿರುಗುತ್ತದೆ: ತಾಯಿ ಪ್ರೋಸೆಸ್‌ಗೆ ಮಗುವಿನ ಸಂಖ್ಯೆ ಸಿಗುತ್ತದೆ, ಮಗುವಿಗೆ 0. ಎರಡೂ ಓದುವ ಕೋಡ್ ಅದೇ, ಆವರೆಗಿನ ನೆನಪೂ ಅದೇ. ಲಿನಕ್ಸ್ ಆ ಕ್ಷಣದಲ್ಲಿ ಮೆಮೊರಿಯ ನಕಲನ್ನೂ ಮಾಡುವುದಿಲ್ಲ. ಎರಡಕ್ಕೂ ಅವೇ ಪುಟಗಳನ್ನು ತೋರಿಸುತ್ತದೆ. ಯಾವುದಾದರೊಂದು ಬರೆಯಹೊರಟಾಗ ಮಾತ್ರ ಆ ಪುಟದ ಪ್ರತಿ ತಯಾರಾಗುತ್ತದೆ, ಸಾಮಾನ್ಯವಾಗಿ 4 ಕಿಲೋಬೈಟ್‌ನಷ್ಟು. ಬರೀ ಓದುತ್ತಿರುವವರೆಗೆ ಅಭೇದ, ಬರೆದ ಕೂಡಲೇ ಭೇದ. ಹಾಗೆಂದು ಈ ಭೇದ ತೋರಿಕೆಯದಲ್ಲ. ಇದನ್ನು ಕಾಯುವುದು ಪ್ರೊಸೆಸರ್‌ನ ಹಾರ್ಡ್‌ವೇರ್. ಪ್ರೋಗ್ರಾಮ್ ಬರೆದವರ ಎಚ್ಚರವನ್ನು ಅದು ನೆಚ್ಚಿಕೊಂಡಿಲ್ಲ.

ಆದ್ದರಿಂದ ಆಯ್ಕೆ ನಿಂತಿರುವುದು ಯಾರ ಕೋಡ್ ಎಷ್ಟು ನಂಬಿಕೆಗೆ ಅರ್ಹ ಎಂಬುದರ ಮೇಲೆ. ಥ್ರೆಡ್‌ಗಳಿಗೆ ಹೊಂದದ ಲೈಬ್ರರಿಗಳಿರಬಹುದು ಎಂಬ ಕಾರಣಕ್ಕೇ ಪಿಎಚ್‌ಪಿಯನ್ನು ಅಪಾಚೆಯೊಳಗೆ ಮಾಡ್ಯೂಲ್ ಆಗಿ ಓಡಿಸುವವರು ಪ್ರೀಫೋರ್ಕ್ ಹಿಡಿದರು. ಅದರ ಬೆಲೆಯೂ ಸಣ್ಣದಲ್ಲ. ಸುಮ್ಮನೆ ತೆರೆದಿಟ್ಟ ಸಂಪರ್ಕವೂ ಒಂದು ಪೂರ್ತಿ ಪ್ರೋಸೆಸ್ಸನ್ನು ಕಟ್ಟಿಹಾಕುತ್ತದೆ. ರ‍್ಯಾಮ್ ಮುಗಿದರೆ ಬೇರೆಬೇರೆ ಎಂದುಕೊಂಡಿದ್ದ ಪ್ರೋಸೆಸ್‌ಗಳೂ ಒಟ್ಟಿಗೇ ಕಂಗೆಡುತ್ತವೆ. ಬೇರೆತನಕ್ಕೆ ಯಂತ್ರದ ಮಟ್ಟದಲ್ಲಿ ಮಿತಿಯಿದೆ.

2012ರಲ್ಲಿ ಬಂದ ಅಪಾಚೆಯ 2.4ನೆಯ ಆವೃತ್ತಿಯಿಂದ ಇವೆಂಟ್ ಬಳಕೆಗೆ ಪಕ್ವವಾದ ಮೇಲೆ ಥ್ರೆಡ್, ಪ್ರೋಸೆಸ್ ಎರಡನ್ನೂ ಬೆಸೆಯುವುದು ಸುಲಭವಾಗಿದೆ, ಹೆಚ್ಚಿನ ಸೈಟ್‌ಗಳಿಗೆ ಅದೇ ಸರಿಯಾದ ದಾರಿ. ಸಂಪರ್ಕ ಹಿಡಿದು ಕಾಯುವ, ಫೈಲ್ ಓದಿ ಕಳಿಸುವ ಕೆಲಸ ಥ್ರೆಡ್‌ಗಳಿಗೆ. ಪಿಎಚ್‌ಪಿ ಕೋಡ್ ಓಡಿಸುವುದು ಪಿಎಚ್‌ಪಿ-ಎಫ್‌ಪಿಎಂನ ಪ್ರತ್ಯೇಕ ಪ್ರೋಸೆಸ್‌ಗಳಿಗೆ. ಒಂದೇ ಯಂತ್ರದಲ್ಲಿ ಹಲವರ ಸೈಟ್‌ಗಳಿದ್ದರೆ ಪ್ರತಿಯೊಬ್ಬರಿಗೂ ಪ್ರೋಸೆಸ್‌ಗಳ ಬೇರೆ ಪೂಲ್, ಬೇರೆ ಯೂಸರ್ ಖಾತೆ ಕೊಡಬೇಕು. ಫೈಲ್‌ಗಳ ಅನುಮತಿಗಳನ್ನೂ ಬಿಗಿಯಾಗಿಟ್ಟರೆ, ಒಬ್ಬರ ಸೈಟ್‌ಗೆ ಕನ್ನ ಬಿದ್ದರೂ ಪಕ್ಕದವರ ಫೈಲ್‌ಗಳನ್ನು ತೆರೆಯುವ ಅನುಮತಿ ಆ ಖಾತೆಗೆ ಇರುವುದಿಲ್ಲ.